ಮನೆ ಬಂತು, ಕೆಲಸ ಎಷ್ಟು ದೂರ?

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ಎಂಐಡಿಸಿಯ ಕಾರಖಾನೆಗಳು ಹಿಂದೆ ಸರಿದ ಮೇಲೆ ಕುಂಭಾರಿ ಗ್ರಾಮದ ಸೀಮೆ ಬರುತ್ತದೆ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಈ ಭಾಗದಲ್ಲಿ ಕನ್ನಡ ಮನೆಮಾತಾಗಿರುವ ಹಳ್ಳಿಗಳು ಬಹಳ. ಇದೇ ಸೀಮೆಯಲ್ಲಿ ಎರಡು ದಶಕಗಳಿಂದ ಕಾರ್ಮಿಕರ ಹೊಸ ಊರೊಂದು ಬೆಳೆಯುತ್ತಿದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ 10,000 ಮನೆಗಳ ಗೋದೂತಾಯಿ ಪರುಳೇಕರ ವಸಾಹತು ಮೊದಲು ಬಂತು. ಅದರ ಮನೆಗಳನ್ನು ಅಂದಿನ ಪ್ರಧಾನಿ ಡಾ. ಮನಮೋಹನ ಸಿಂಗ್ ಅವರು 2006ರ ಸೆಪ್ಟೆಂಬರಿನಲ್ಲಿ ಹಸ್ತಾಂತರಿಸಿದರು. ಬಳಿಕ 30,000 ಮನೆಗಳ ರೇ ನಗರ ಯೋಜನೆಗೆ 2019ರ ಜನವರಿ 9ರಂದು ಶಂಕುಸ್ಥಾಪನೆಯಾಯಿತು. 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಅದರ 15,000 ಮನೆಗಳನ್ನು ಫಲಾನುಭವಿಗಳಿಗೆ ಒಪ್ಪಿಸಿದರು. ಬೇರೆ ಬೇರೆ ಪಕ್ಷಗಳ ಇಬ್ಬರು ಪ್ರಧಾನಿಗಳು, ಎರಡರ ಹಿಂದೆಯೂ ಮಾಜಿ ಶಾಸಕ ನರಸಯ್ಯ ಆಡಂ ಅವರ ನೇತೃತ್ವದ ಕಾರ್ಮಿಕ ಸಂಘಟನೆಯ ದೀರ್ಘ ಹೋರಾಟ. ಬಡವರ ವಸತಿಯ ಇತಿಹಾಸದಲ್ಲಿ ಇಂಥ ಉದಾಹರಣೆಗಳು ಹೆಚ್ಚಿಲ್ಲ.

ರೇ ನಗರದ ಫಲಾನುಭವಿಗಳಲ್ಲಿ ಬೀಡಿ ಕಾರ್ಮಿಕರಿದ್ದಾರೆ, ಕೈಮಗ್ಗ ಮತ್ತು ವಿದ್ಯುತ್ ಮಗ್ಗದ ನೇಕಾರರಿದ್ದಾರೆ, ಬೀದಿ ವ್ಯಾಪಾರಿಗಳು, ಚಾಲಕರು, ಚಿಂದಿ ಆಯುವವರೂ ಇದ್ದಾರೆ. ತೆಲುಗು, ಮರಾಠಿ, ಉರ್ದು, ಕನ್ನಡ, ಹೀಗೆ ಸೊಲ್ಲಾಪುರದ ನಾಲ್ಕೂ ಮಾತುಗಳು ಈ ಊರಿನ ದುಡಿಯುವ ಕೇರಿಗಳಲ್ಲಿ ಕೇಳಿಬರುತ್ತವೆ. ಯೋಜನೆಯ ಅಂದಾಜು ವೆಚ್ಚ 1,811 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರ ಮತ್ತು ರಾಜ್ಯಗಳ ನೆರವು 750 ಕೋಟಿ, ಅಂದರೆ ಮನೆಯೊಂದಕ್ಕೆ ಎರಡೂವರೆ ಲಕ್ಷ. ಉಳಿದ ಮೊತ್ತವನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ತಲಾ ಮೂರೂವರೆ ಲಕ್ಷದ ಆಸುಪಾಸಿಗೆ ಬರುತ್ತದೆ. ಸರ್ಕಾರದ ನೆರವು ಒಮ್ಮೆ ಬಂದು ಮುಗಿಯುತ್ತದೆ. ಸಾಲ ಮಾಡಿ ತನ್ನ ಪಾಲು ಕಟ್ಟಿದ ಕುಟುಂಬಕ್ಕೆ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತಿರುತ್ತದೆ. ಆ ಕಂತನ್ನು ಕಟ್ಟುವ ಕೆಲಸ ಎಲ್ಲಿದೆ, ಅದನ್ನು ಯಾರು ಕಲಿಸುತ್ತಾರೆ, ಯಾವ ಭಾಷೆಯಲ್ಲಿ ಕಲಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಶಂಕುಸ್ಥಾಪನೆಯ ಕಲ್ಲಿನ ಮೇಲೆ ಜಾಗವಿರುವುದಿಲ್ಲ.

ಬೀಡಿಯ ಕೆಲಸಕ್ಕೆ ಒಂದು ಗುಣವಿದೆ. ಅದು ಮನೆಯ ಹೊಸ್ತಿಲೊಳಗೆ ನಡೆಯುತ್ತದೆ. ಎಲೆ ಮತ್ತು ತಂಬಾಕು ತಂದು, ಮಡಿಲಲ್ಲಿ ಮೊರ ಇಟ್ಟುಕೊಂಡು, ಕೂಸನ್ನು ನೋಡಿಕೊಳ್ಳುತ್ತಲೇ ಕಟ್ಟಿ, ಸಾವಿರದ ಲೆಕ್ಕದಲ್ಲಿ ಒಪ್ಪಿಸಿ ಬರುವುದು. ಕನಿಷ್ಠ ವೇತನ ನಿಗದಿಯಾಗುವುದೂ ಸಾವಿರ ಬೀಡಿಗೆ ಇಷ್ಟು ಎಂದೇ. ಆದರೆ ಈ ಕಸುಬಿನ ಮುಂದಿನ ದಾರಿ ಕಿರಿದಾಗುತ್ತಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ, 2016ರಿಂದ ಪೊಟ್ಟಣದ ಶೇ. 85ರಷ್ಟು ಭಾಗವನ್ನು ಆವರಿಸುವ ಎಚ್ಚರಿಕೆಯ ಚಿತ್ರ, 2017ರಲ್ಲಿ ಬಂದ ಜಿಎಸ್‌ಟಿ, ಇವೆಲ್ಲ ಸಾರ್ವಜನಿಕ ಆರೋಗ್ಯ ಮತ್ತು ತೆರಿಗೆ ನೀತಿಯ ಸಹಜ ಕ್ರಮಗಳು, ಅವುಗಳನ್ನು ದೂರುವಂತಿಲ್ಲ. ಆದರೆ ಭಾರತ 2004ರಲ್ಲಿ ಅನುಮೋದಿಸಿದ ಅಂತಾರಾಷ್ಟ್ರೀಯ ತಂಬಾಕು ನಿಯಂತ್ರಣ ಒಪ್ಪಂದದಲ್ಲಿ 17ನೆಯ ವಿಧಿಯೂ ಇದೆ. ತಂಬಾಕಿನಿಂದ ಜೀವಿಸುವ ಕಾರ್ಮಿಕರಿಗೆ ಆರ್ಥಿಕವಾಗಿ ನಿಲ್ಲಬಲ್ಲ ಪರ್ಯಾಯ ಕಸುಬನ್ನು ಸರ್ಕಾರಗಳು ಉತ್ತೇಜಿಸಬೇಕು ಎಂದು ಅದು ಹೇಳುತ್ತದೆ. ಒಪ್ಪಂದದ ಎಚ್ಚರಿಕೆ ಚಿತ್ರ ಪೊಟ್ಟಣದ ಮೇಲೆ ಎದ್ದು ಕಾಣುತ್ತದೆ, ಪರ್ಯಾಯ ಕಸುಬಿನ ಮಾತು ಅಷ್ಟು ಎದ್ದು ಕಾಣುವುದಿಲ್ಲ. ಇದರ ನಡುವೆ, ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆಂದೇ 1976ರ ಕಾಯ್ದೆಯಡಿ ಸಂಗ್ರಹವಾಗುತ್ತಿದ್ದ ಸೆಸ್ ಜಿಎಸ್‌ಟಿ ಬಂದ ವರ್ಷವೇ ರದ್ದಾಯಿತು.

ನಗರದ ಹೊರಗೆ ಮನೆ ಕೊಟ್ಟರೆ ದುಡಿಮೆ ತಾನಾಗಿಯೇ ಸುಧಾರಿಸುತ್ತದೆಯೇ? ಇದಕ್ಕೆ ಊಹೆಯ ಉತ್ತರ ಬೇಕಾಗಿಲ್ಲ. ಅಹಮದಾಬಾದಿನ ಬೀಡಿ ಕಾರ್ಮಿಕ ಮಹಿಳೆಯರ ಬದುಕಿನಲ್ಲಿ ಇದರ ಪರೀಕ್ಷೆ ನಡೆದುಹೋಗಿದೆ. 1987ರಲ್ಲಿ ಅಲ್ಲಿ ಸೇವಾ ಸಂಘಟನೆಯ ಬೀಡಿ ಕಾರ್ಮಿಕರಿಗಾಗಿ ನಗರದ ಅಂಚಿನಲ್ಲಿ ರಿಯಾಯಿತಿಯ ಮನೆಗಳ ಯೋಜನೆ ರೂಪುಗೊಂಡಿತು. ಅರ್ಜಿ ಹಾಕಿದವರು 497 ಮಂದಿ, ಮನೆಗಳು 110 ಮಾತ್ರ. ಆದ್ದರಿಂದ ಚೀಟಿ ಎತ್ತಲಾಯಿತು. ಮನೆಗಳಿದ್ದುದು ನಗರದ ಮಧ್ಯಭಾಗದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ. ಹದಿನಾಲ್ಕು ವರ್ಷಗಳ ಬಳಿಕ ಶರೋನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಎಂಬ ಮೂವರು ಅರ್ಥಶಾಸ್ತ್ರಜ್ಞರು ಚೀಟಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹುಡುಕಿ ಅವರ ಸ್ಥಿತಿಯನ್ನು ಹೋಲಿಸಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಫಲಿತಾಂಶ ಯೋಜನೆಗಳನ್ನು ಬರೆಯುವವರ ಮೇಜಿನ ಮೇಲೆ ಸದಾ ಇರತಕ್ಕದ್ದು. ಗೆದ್ದವರಲ್ಲಿ ಶೇ. 34ರಷ್ಟು ಮಂದಿ ಆ ಮನೆಗಳಿಗೆ ಹೋಗಲೇ ಇಲ್ಲ. ಶೇ. 32ರಷ್ಟು ಮಂದಿ ಹೋಗಿ ಬಿಟ್ಟುಬಂದರು. ಉಳಿದವರ ಮನೆ ಸುಧಾರಿಸಿತ್ತು, ನಿಜ. ಆದರೆ ಆದಾಯದಲ್ಲಿ, ಮಕ್ಕಳ ಸ್ಥಿತಿಗತಿಯಲ್ಲಿ ಸೋತವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಷ್ಟಕಾಲದಲ್ಲಿ ಕೈಗಡ ಕೊಡುತ್ತಿದ್ದ ನೆಂಟರಿಷ್ಟರೂ ನೆರೆಹೊರೆಯವರೂ ಹಳೆಯ ಕೇರಿಯಲ್ಲೇ ಉಳಿದಿದ್ದರು.

ಕುಂಭಾರಿ ಅಹಮದಾಬಾದಲ್ಲ. ಇಲ್ಲಿಗೆ ಜನ ಬಿಡಿಬಿಡಿಯಾಗಿ ಬರಲಿಲ್ಲ, ಸಂಘಟಿತರಾಗಿ, ಸಾವಿರಾರು ಸಂಖ್ಯೆಯಲ್ಲಿ, ತಾವೇ ಕೇಳಿ ಪಡೆದು ಬಂದರು. ಅದು ದೊಡ್ಡ ಬಲ. ಆದರೂ ದೂರದ ಲೆಕ್ಕ ಎಲ್ಲ ಊರಿಗೂ ಒಂದೇ. ಹನ್ನೆರಡು ಕಿಲೋಮೀಟರ್ ಎಂಬುದು ಕಾರಿನವನಿಗೆ ಇಪ್ಪತ್ತು ನಿಮಿಷ. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಅದು ದಿನದ ಕೂಲಿಯ ಒಂದು ಪಾಲು, ಮಗುವನ್ನು ಶಾಲೆಗೆ ಬಿಡುವ ಮತ್ತು ಕರೆತರುವ ಎರಡು ಹೊತ್ತಿನ ಚಿಂತೆ.

ಸರ್ಕಾರಿ ವಸತಿಯಲ್ಲಿ ಇರುವವರಿಗೆ ಕೆಲಸ ದೊರಕಿಸುವ ಪ್ರಯತ್ನವನ್ನು ಅತ್ಯಂತ ಶ್ರದ್ಧೆಯಿಂದ ಮಾಡಿ, ಅಳೆದು ನೋಡಿದ ದೇಶ ಅಮೆರಿಕ. ಅಲ್ಲಿಯ ಸರ್ಕಾರಿ ವಸತಿ ನಮ್ಮಲ್ಲಿಯಂತೆ ಒಡೆತನದ್ದಲ್ಲ, ಬಾಡಿಗೆಯದು. 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ತಿದ್ದುಪಡಿಯಿಂದ, ಬಡ ಬಾಡಿಗೆದಾರನ ಬಾಡಿಗೆ ಅವನ ಆದಾಯದ ಶೇ. 25ನ್ನು ಮೀರಬಾರದು ಎಂಬ ನಿಯಮ ಬಂತು. 1981ರಲ್ಲಿ ಈ ಮಿತಿಯನ್ನು ಶೇ. 30ಕ್ಕೆ ಏರಿಸಲಾಯಿತು. ಕರುಣೆಯಿಂದ ಹುಟ್ಟಿದ ಈ ನಿಯಮದ ಇನ್ನೊಂದು ಮುಖ ತಡವಾಗಿ ಕಂಡಿತು. ಆದಾಯ ಏರಿದರೆ ಬಾಡಿಗೆಯೂ ಏರುತ್ತದೆ. ನೂರು ಡಾಲರ್ ಹೆಚ್ಚು ದುಡಿದವಳು ಮೂವತ್ತು ಡಾಲರ್ ಬಾಡಿಗೆಗೆ ಹೆಚ್ಚು ಕೊಡಬೇಕು, ಅದರ ಮೇಲೆ ಆಹಾರದ ನೆರವೂ ಕಡಿಮೆಯಾಗುತ್ತದೆ. ಕಾನೂನು ಯಾರನ್ನೂ ದುಡಿಯಬೇಡ ಎನ್ನಲಿಲ್ಲ, ದುಡಿದವಳಿಗೆ ದಂಡ ಹಾಕಿದಂತೆ ಮಾತ್ರ ಆಯಿತು.

1990ರ ದಶಕದ ಕೊನೆಯಲ್ಲಿ ಅಲ್ಲಿಯ ವಸತಿ ಇಲಾಖೆ, ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಸೇರಿ ಜಾಬ್ಸ್-ಪ್ಲಸ್ ಎಂಬ ಪ್ರಯೋಗ ಕೈಗೊಂಡವು. ಬಾಲ್ಟಿಮೋರ್, ಚಟ್ಟನೂಗ, ಡೇಟನ್, ಲಾಸ್ ಏಂಜಲೀಸ್, ಸೇಂಟ್ ಪಾಲ್, ಸಿಯಾಟಲ್ ಎಂಬ ಆರು ನಗರಗಳಲ್ಲಿ ವಸತಿ ಸಮುಚ್ಚಯಗಳನ್ನು ಆಯ್ದು, ಅದೇ ನಗರದ ಅಂಥವೇ ಬೇರೆ ಸಮುಚ್ಚಯಗಳೊಡನೆ ಹೋಲಿಸಲಾಯಿತು. ಪ್ರಯೋಗದ ಅಂಶಗಳು ಮೂರು. ಮೊದಲನೆಯದು, ಉದ್ಯೋಗ ಕಚೇರಿ ಮತ್ತು ತರಬೇತಿಯ ಏರ್ಪಾಟು ನಗರದ ನಡುವೆ ಅಲ್ಲ, ಸಮುಚ್ಚಯದ ಅಂಗಳದಲ್ಲೇ ಇರಬೇಕು. ಎರಡನೆಯದು ಬಾಡಿಗೆಗೆ ಸಂಬಂಧಿಸಿದ್ದು: ದುಡಿಮೆ ಹೆಚ್ಚಿದಾಗ ಬಾಡಿಗೆ ಅದೇ ಪ್ರಮಾಣದಲ್ಲಿ ಏರದಂತೆ ನಿಯಮವನ್ನು ಸಡಿಲಿಸಬೇಕು. ಮೂರನೆಯದನ್ನು ಅವರು ಕೆಲಸಕ್ಕೆ ಸಮುದಾಯದ ಬೆಂಬಲ ಎಂದು ಕರೆದರು. ನಿವಾಸಿಗಳಲ್ಲೇ ಕೆಲವರನ್ನು ಆರಿಸಿ, ಅವರು ಮನೆಮನೆಯ ಬಾಗಿಲು ತಟ್ಟಿ, ಎಲ್ಲಿ ಕೆಲಸವಿದೆ, ಯಾವ ತರಗತಿ ಆರಂಭವಾಗುತ್ತದೆ ಎಂದು ನೆರೆಹೊರೆಯವರಿಗೆ ತಿಳಿಸುವಂತೆ ಮಾಡುವುದು. ದುಡಿಯುವ ವಯಸ್ಸಿನ ಪ್ರತಿಯೊಬ್ಬರನ್ನೂ ತಲುಪಬೇಕು, ಬಂದವರನ್ನಷ್ಟೇ ಅಲ್ಲ ಎಂಬುದು ಗುರಿ.

ಇಲ್ಲಿ ಸೇಂಟ್ ಪಾಲ್ ನಗರದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಭಾಷಾ ಅಲ್ಪಸಂಖ್ಯಾತರಿಗೆ ಅದು ಹತ್ತಿರದ್ದು. ಅಲ್ಲಿಯ ಮೌಂಟ್ ಏರಿ ಎಂಬ ಸಮುಚ್ಚಯದ ನಿವಾಸಿಗಳಲ್ಲಿ ಬಹಳಷ್ಟು ಮಂದಿ ಲಾವೋಸಿನ ಯುದ್ಧದಿಂದ ಚದುರಿ ಬಂದ ಹ್ಮೊಂಗ್ ಜನ. ಅನೇಕರಿಗೆ ಇಂಗ್ಲಿಷ್ ಬಾರದು. ಅವರ ಭಾಷೆ ಬಲ್ಲ ಸಿಬ್ಬಂದಿಯೇ ಅಂಗಳದ ಕಚೇರಿಯಲ್ಲಿ ಕುಳಿತರು. ಇಂಗ್ಲಿಷ್ ಕಲಿಕೆಯೂ ಕೆಲಸದ ಹುಡುಕಾಟವೂ ಜೊತೆಯಾಗಿ ನಡೆದವು. ಮೊದಲು ಭಾಷೆ ಕಲಿತು ಬಾ, ಆಮೇಲೆ ಕೆಲಸ ನೋಡೋಣ ಎಂದು ಯಾರನ್ನೂ ಹಿಂದಕ್ಕೆ ಕಳುಹಿಸಲಿಲ್ಲ.

ಫಲಿತಾಂಶ ಎಲ್ಲೆಡೆ ಒಂದೇ ಆಗಲಿಲ್ಲ. ಬಾಲ್ಟಿಮೋರ್ ಮತ್ತು ಚಟ್ಟನೂಗದಲ್ಲಿ ಯೋಜನೆ ಪೂರ್ತಿ ಜಾರಿಗೆ ಬರಲಿಲ್ಲ, ಪರಿಣಾಮವೂ ಕಾಣಲಿಲ್ಲ. ಸಿಯಾಟಲ್‌ನಲ್ಲಿ ಚೆನ್ನಾಗಿ ಆರಂಭವಾಯಿತು, ಆದರೆ ಸಮುಚ್ಚಯವನ್ನೇ ಕೆಡವಿ ಮರುನಿರ್ಮಿಸುವ ಕೆಲಸ ನಡುವೆ ಬಂದು ಜನ ಚದುರಿದರು. ಡೇಟನ್, ಲಾಸ್ ಏಂಜಲೀಸ್ ಮತ್ತು ಸೇಂಟ್ ಪಾಲ್‌ಗಳಲ್ಲಿ ಮೂರೂ ಅಂಶಗಳು ಒಟ್ಟಿಗೆ ನಿಂತವು; ಅಲ್ಲಿ ನಿವಾಸಿಗಳ ಗಳಿಕೆ ನಾಲ್ಕು ವರ್ಷಗಳಲ್ಲಿ ಸರಾಸರಿ ಶೇ. 14ರಷ್ಟು ಹೆಚ್ಚಿತು. 2003ರಲ್ಲಿ ಪ್ರಯೋಗ ಮುಗಿದ ಮೇಲೂ ಲೆಕ್ಕ ಮುಂದುವರಿಸಿ ನೋಡಿದಾಗ, 2000ದಿಂದ 2006ರವರೆಗಿನ ಏಳು ವರ್ಷಗಳಲ್ಲಿ ಹೆಚ್ಚಳ ಶೇ. 16 ಇತ್ತು, ವರ್ಷಕ್ಕೆ ಸುಮಾರು 1,300 ಡಾಲರ್. ನೆರವು ನಿಂತ ಮೇಲೂ ಗಳಿಕೆ ಕುಸಿಯಲಿಲ್ಲ ಎಂಬುದೇ ಇದರಲ್ಲಿ ಗಮನಿಸಬೇಕಾದ ಅಂಶ. ಉದ್ಯೋಗ ತರಬೇತಿಯ ಯೋಜನೆಗಳಲ್ಲಿ ಇದು ಅಪರೂಪ. ಅಮೆರಿಕದ ವಸತಿ ಇಲಾಖೆ 2015ರಿಂದ ಇದೇ ಮಾದರಿಯನ್ನು ಮತ್ತಷ್ಟು ನಗರಗಳಿಗೆ ವಿಸ್ತರಿಸಿತು.

ಆ ದೇಶದ ಇನ್ನೊಂದು ಕಾನೂನು ಭಾರತದ ವಸತಿ ಯೋಜನೆಗಳಿಗೆ ಇನ್ನೂ ನೇರವಾಗಿ ಅನ್ವಯಿಸಬಹುದಾದುದು. 1968ರ ವಸತಿ ಕಾಯ್ದೆಯ 3ನೆಯ ಕಲಮಿನ ಪ್ರಕಾರ, ವಸತಿ ಇಲಾಖೆಯ ಹಣದಿಂದ ನಡೆಯುವ ನಿರ್ಮಾಣದಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಆ ಪ್ರದೇಶದ ಬಡ ನಿವಾಸಿಗಳಿಗೇ ತರಬೇತಿಯೂ ಕೆಲಸವೂ ಸಿಗಬೇಕು. ಅರ್ಧ ಶತಮಾನ ಇದು ಬಹುಮಟ್ಟಿಗೆ ಸದಾಶಯದ ವಾಕ್ಯವಾಗಿಯೇ ಉಳಿಯಿತು. 2020ರ ನಿಯಮಗಳು ಇದಕ್ಕೊಂದು ಅಳತೆಗೋಲು ಕೊಟ್ಟವು: ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇ. 25 ಕಡಿಮೆ ಆದಾಯದ ಕಾರ್ಮಿಕರದ್ದಾಗಬೇಕು. ಮೂವತ್ತು ಸಾವಿರ ಮನೆ ಕಟ್ಟುವುದೆಂದರೆ ಗಾರೆ, ಬಾರ್ ಬೆಂಡಿಂಗ್, ವೈರಿಂಗ್, ಪ್ಲಂಬಿಂಗ್, ಬಣ್ಣ, ವರ್ಷಗಟ್ಟಲೆಯ ಕೆಲಸ. ಅಂಥ ಕಾಮಗಾರಿಯ ಒಪ್ಪಂದದಲ್ಲೇ ಮುಂದೆ ಆ ಮನೆಗಳಲ್ಲಿ ಇರುವವರ ಮಕ್ಕಳಿಗೆ ತರಬೇತಿಯ ಷರತ್ತು ಸೇರಿಸಲು ಯಾವ ಹೊಸ ಶಾಸನವೂ ಬೇಕಾಗಿಲ್ಲ. ಟೆಂಡರಿನ ಷರತ್ತುಗಳಲ್ಲಿ ಒಂದು ಪರಿಚ್ಛೇದ ಸಾಕು.

ಇಲ್ಲಿನ ತರಬೇತಿ ಯೋಜನೆಗಳ ವಿಷಯಕ್ಕೆ ಬಂದರೆ, ಹೆಸರುಗಳಿಗೆ ಕೊರತೆಯಿಲ್ಲ. 2015ರಿಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಿದೆ. ಗ್ರಾಮೀಣ ಬಡ ಯುವಜನರಿಗೆಂದು ದೀನದಯಾಳ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆಯಿದೆ, ಅದು ಸಾಮಾನ್ಯವಾಗಿ 15ರಿಂದ 35 ವರ್ಷದವರಿಗೆ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯೂ 18ರಿಂದ 35ರವರಿಗೆ. ಹನ್ನೆರಡನೆಯ ತರಗತಿ ಮುಗಿಸಿದವರಿಗೆ 6,000, ಐಟಿಐ ಅಥವಾ ಡಿಪ್ಲೊಮಾ ಆದವರಿಗೆ 8,000, ಪದವೀಧರರಿಗೆ 10,000 ರೂಪಾಯಿ ಮಾಸಿಕ ವೇತನ. ಒಳ್ಳೆಯ ಯೋಜನೆಗಳೇ. ಆದರೆ ವಯಸ್ಸಿನ ಅಂಕಣವನ್ನು ಒಮ್ಮೆ ಗಮನಿಸಬೇಕು. ಇಪ್ಪತ್ತೈದು ವರ್ಷ ಬೀಡಿ ಕಟ್ಟಿ ಈಗ ನಲವತ್ತಾರಕ್ಕೆ ಬಂದ ಹೆಂಗಸಿಗೆ ಇವುಗಳಲ್ಲಿ ಜಾಗವಿಲ್ಲ; ಕೌಶಲ ವಿಕಾಸ ಯೋಜನೆಯ ಅಲ್ಪಾವಧಿ ತರಬೇತಿಯ ಮಿತಿ ಕೂಡ 45 ವರ್ಷ. ಬೀಡಿಯಿಂದ ಬಿಡುಗಡೆ ಯಾರಿಗೆ ಹೆಚ್ಚು ಬೇಕೋ ಅವಳೇ ಬಾಗಿಲ ಹೊರಗೆ ನಿಲ್ಲುತ್ತಾಳೆ.

ಇದಲ್ಲದೆ ಒಂದು ವಿಚಿತ್ರ ತೊಡಕಿದೆ. ರೇ ನಗರದ ಮನೆಗಳು ಬಂದಿದ್ದು ನಗರ ವಸತಿ ಯೋಜನೆಯಿಂದ, ನಿಂತಿರುವುದು ಗ್ರಾಮದ ಸೀಮೆಯಲ್ಲಿ. ಜೀವನೋಪಾಯದ ಯೋಜನೆಗಳು ಮಾತ್ರ ನಗರಕ್ಕೆ ಬೇರೆ, ಗ್ರಾಮಕ್ಕೆ ಬೇರೆ. ಇಂಥ ಬಡಾವಣೆಯ ನಿವಾಸಿ ಯಾವ ಯೋಜನೆಗೆ ಅರ್ಹ ಎಂಬ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಕೇಳಿದರೆ ಒಂದು ಕಚೇರಿ ಇನ್ನೊಂದರ ಕಡೆ ಬೆರಳು ತೋರಿಸಬಹುದು. ಲಿಖಿತವಾಗಿ ಕೇಳಿ ಲಿಖಿತವಾಗಿಯೇ ಉತ್ತರ ಪಡೆಯುವುದು ಸರಿಯಾದ ಮಾರ್ಗ.

ಅಮೆರಿಕದ ಅಡ್ಡಿ ಬಾಡಿಗೆಯಾದರೆ ಇಲ್ಲಿನ ಅಡ್ಡಿ ಬಸ್ಸಿನ ದುಡ್ಡು, ಕೂಸನ್ನು ನೋಡಿಕೊಳ್ಳುವವರ ಅಭಾವ, ಮತ್ತು ಭಾಷೆ. ತರಬೇತಿ ಕೇಂದ್ರ ನಗರದಲ್ಲಿದ್ದು, ತರಗತಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಡೆದರೆ, ಅಂದಿನ ಸಾವಿರ ಬೀಡಿಯ ಕೂಲಿಯನ್ನು ಬಿಟ್ಟು ಯಾವ ತಾಯಿಯೂ ಮೂರು ತಿಂಗಳು ಬರಲಾರಳು. ಬಂದವರಿಗೆ ಪ್ರಮಾಣಪತ್ರ ಸಿಗುತ್ತದೆ, ಬಾರದವರ ಲೆಕ್ಕ ಯಾರೂ ಇಡುವುದಿಲ್ಲ. ಆದರೆ ಕುಂಭಾರಿಗೆ ಒಂದು ಅನುಕೂಲವೂ ಇದೆ, ಅದನ್ನು ಇಲ್ಲಿಯವರೇ ಮರೆಯುವುದುಂಟು. ಟವೆಲ್ ಮತ್ತು ಚಾದರ್ ನೇಯುವ ಘಟಕಗಳಿರುವ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಇದೇ ದಾರಿಯಲ್ಲಿದೆ. ಶಾಲಾ ಸಮವಸ್ತ್ರ ಹೊಲಿಯುವ ಉದ್ಯಮವೂ ಸೊಲ್ಲಾಪುರದಲ್ಲಿ ಗಣನೀಯವಾಗಿ ಬೆಳೆದಿದೆ. ಗಂಟೆಗಟ್ಟಲೆ ಕುಳಿತು ಬೆರಳ ತುದಿಯಲ್ಲಿ ಅಳತೆ ತಪ್ಪದೆ ಕೆಲಸ ಮಾಡಬಲ್ಲವರಿಗೆ ಹೊಲಿಗೆ ಯಂತ್ರ ಅಪರಿಚಿತ ಲೋಕವಲ್ಲ. ವಸಾಹತಿನೊಳಗೆ ಒಂದು ಹೊಲಿಗೆ ಘಟಕ, ಅದರ ಪಕ್ಕದಲ್ಲಿ ಕೂಸುಗಳ ಪಾಲನಾ ಕೇಂದ್ರ, ಕಲಿಯುವ ದಿನಗಳಿಗೂ ಕೂಲಿ: ಜಾಬ್ಸ್-ಪ್ಲಸ್‌ನ ಮೂರು ಅಂಶಗಳನ್ನು ಸೊಲ್ಲಾಪುರಕ್ಕೆ ಹೊಂದಿಸಿದರೆ ಹೀಗೆ ಕಾಣಬಹುದು.

ಯುವಜನರ ಮಟ್ಟಿಗೆ ಈಗಿರುವ ಕಾನೂನಿನಲ್ಲೇ ಹಿಡಿಯಲು ಒಂದು ಗಟ್ಟಿ ತುದಿಯಿದೆ, 1961ರ ಅಪ್ರೆಂಟಿಸ್ ಕಾಯ್ದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿ ಸಂಖ್ಯೆಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಅವರಿಗೆ ನಿಗದಿತ ಮಾಸಿಕ ವೇತನ ಕೊಡಬೇಕು. ಇದು ಸಂಸ್ಥೆಯ ಔದಾರ್ಯದ ಮಾತಲ್ಲ, ಕರ್ತವ್ಯ. ಮಗ್ಗದಲ್ಲಿ ಈಗಾಗಲೇ ನುರಿತವರಿಗೆ ಹೊಸದಾಗಿ ಕಲಿಸುವ ಅಗತ್ಯವೂ ಇಲ್ಲ. ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆಯಲ್ಲಿ ಇರುವ ಕೌಶಲವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡಲಾಗುತ್ತದೆ. ಕಟ್ಟಡ ಕಾರ್ಮಿಕರಾಗಿ ವರ್ಷದಲ್ಲಿ 90 ದಿನ ದುಡಿದವರು ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಪಡೆಯಬಹುದು. ಅದಕ್ಕೆ ಹಣ ಬರುವ ನಿರ್ಮಾಣ ವೆಚ್ಚದ ಮೇಲಿನ ಸೆಸ್ಸನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಇನ್ನು ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವಿದೆ, ಒಂದನೆಯ ತರಗತಿಗೆ ವರ್ಷಕ್ಕೆ 1,000 ರೂಪಾಯಿಯಿಂದ ವೃತ್ತಿಪರ ಪದವಿಗೆ 25,000ದವರೆಗೆ, ಐಟಿಐಗೆ 6,000. ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಹಾಕಬೇಕು, ತಾಯಿಯ ಬೀಡಿ ಗುರುತಿನ ಚೀಟಿ ಬೇಕು. ಹೊಸ ಮನೆಗೆ ಬಂದ ಮೇಲೆ ಹಳೆಯ ವಿಳಾಸದ ಗುರುತಿನ ಚೀಟಿ ಪೆಟ್ಟಿಗೆಯಲ್ಲಿ ಮಲಗಿದ್ದರೆ ಮೊದಲು ಅದನ್ನು ಎಬ್ಬಿಸಬೇಕು.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಪಾಲಕರು ಐಟಿಐಗೆ ಹೆದರುವುದು ಭಾಷೆಯ ಕಾರಣಕ್ಕೆ. ಪಾಠ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ, ತಾಂತ್ರಿಕ ಪದಗಳು ತಲೆಗೆ ಹತ್ತುವುದಿಲ್ಲ ಎಂಬ ಅಳುಕು. ಅಳುಕು ಸುಳ್ಳಲ್ಲ, ಆದರೆ ದಾರಿಯೂ ಇದೆ. ಐಟಿಐ ಪಠ್ಯಗಳನ್ನು ಸಿದ್ಧಪಡಿಸುವ ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಅವನ್ನು ಮರಾಠಿ, ತೆಲುಗುಗಳಂತೆ ಕನ್ನಡದಲ್ಲೂ ಹೊರತಂದಿದೆ. ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಪಾಠವನ್ನು ತರಗತಿಯಲ್ಲಿ ಮರಾಠಿಯಲ್ಲಿ ಕೇಳಿ ಮನೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗನಿಗೆ ಎರಡು ಭಾಷೆಯಲ್ಲಿ ಕೆಲಸ ಹಿಡಿಯುವ ಶಕ್ತಿ ಬರುತ್ತದೆ, ಸೊಲ್ಲಾಪುರದಲ್ಲೂ ವಿಜಯಪುರದಲ್ಲೂ. ಗಡಿಯ ಕನ್ನಡ ಶಾಲೆಗಳು ಇಂಥ ಪುಸ್ತಕಗಳ ಒಂದೊಂದು ಪ್ರತಿಯನ್ನು ತಮ್ಮ ಗ್ರಂಥಾಲಯದಲ್ಲಿ ಇರಿಸಿದರೆ ಖರ್ಚು ಅಲ್ಪ, ಉಪಯೋಗ ಬಹಳ.

ವಸಾಹತಿನೊಳಗೆ ಉದ್ಯೋಗ ಕೇಂದ್ರ ಬೇಕೆಂದು, ವಯೋಮಿತಿಯ ಸಡಿಲಿಕೆ ಬೇಕೆಂದು, ಹತ್ತಿರದ ಕಾರಖಾನೆಗಳಲ್ಲಿ ಅಪ್ರೆಂಟಿಸ್‌ಗಳ ಸಂಖ್ಯೆ ಎಷ್ಟೆಂದು ಕೇಳುವ ಅರ್ಜಿಗಳನ್ನು ಜಿಲ್ಲಾಧಿಕಾರಿಗೂ ಜಿಲ್ಲಾ ಕೌಶಲ ಅಭಿವೃದ್ಧಿ ಕಚೇರಿಗೂ ಸಲ್ಲಿಸಬಹುದು. ಮರಾಠಿ ಬರೆಯಲು ಬಾರದೆಂದು ಸುಮ್ಮನಿರಬೇಕಾಗಿಲ್ಲ. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ಕೇಂದ್ರ ಅಥವಾ ರಾಜ್ಯದ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಇದೆ. ಸಾಧ್ಯವಾದರೆ ಒಂದು ಮರಾಠಿ ಪ್ರತಿಯನ್ನು ಜೊತೆಗಿಡುವುದು ಜಾಣತನ, ಕೆಲಸ ಬೇಗ ಆಗುತ್ತದೆ. ಅರ್ಜಿಗೆ ಒಬ್ಬರ ಸಹಿಗಿಂತ ಓಣಿಯ ಇಪ್ಪತ್ತು ಜನರ ಸಹಿ ಇದ್ದರೆ ಒಳ್ಳೆಯದು. ಒಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಕಚೇರಿಯ ಮೆಟ್ಟಿಲು ಇಳಿಯಬೇಕು.